ಇಪ್ಪತ್ತೆರಡು ಕೆಂಪು ಚೀಲಗಳು

ಮೆಲ್ಬರ್ನ್‌ನಲ್ಲಿ ಹತ್ತು ಎಳೆಮಕ್ಕಳಲ್ಲಿ ಒಂದಕ್ಕಾದರೂ ಯಾವುದೋ ಒಂದು ಆಹಾರದ ಅಲರ್ಜಿ ಇರುತ್ತದೆ. ಈ ಪ್ರಕಾರ ನಮ್ಮ ಬಡಾವಣೆಯ ಶಿಶುವಿಹಾರದ ಇಪ್ಪತ್ತೆರಡು ಮಕ್ಕಳಲ್ಲಿ ಇಬ್ಬರಿಗೆ ಇರಬೇಕು. ಇಬ್ಬರಿಗೇ ಇತ್ತು. ಉಳಿದ ಇಪ್ಪತ್ತು ಮಕ್ಕಳಿಗೆ ಆಗುತ್ತಿದ್ದ ಅನ್ಯಾಯವನ್ನು ಮೊದಲು ಗುರುತಿಸಿದವನು ಪೋಷಕರ ಸಮಿತಿಯ ಕಾರ್ಯದರ್ಶಿಯಾದ ನಾನು.

ಆ ಇಬ್ಬರ ಭಾವಚಿತ್ರಗಳು ಅಡುಗೆಮನೆಯ ಫ್ರಿಜ್ಜಿನ ಮೇಲಿದ್ದವು. ಕೆಳಗೆ, ಏನು ತಿನ್ನಿಸಬಾರದು, ತಿಂದರೆ ಏನು ಮಾಡಬೇಕು ಎಂಬ ವಿವರ. ಪಕ್ಕದ ಮೊಳೆಗೆ ಅವರವರ ಸೂಜಿಮದ್ದಿನ ಕೆಂಪು ಚೀಲ. ನನ್ನ ಮಗ ಹ್ಯಾಮಿಷ್ ಏನು ಕೊಟ್ಟರೂ ತಿಂದು ಅರಗಿಸಿಕೊಳ್ಳುವವನು. ಒಂದು ದಿನ ಅಳುತ್ತಾ ಬಂದ. "ಅಪ್ಪಾ, ಟೆಸ್ ಫೋಟೊ ಹಾಕಿದಾರೆ. ನಂದ್ಯಾಕಿಲ್ಲ?"

ನಾನು ಅಂದೇ ಸಭೆ ಕರೆದೆ. ಸಮಿತಿ ತುರ್ತಾಗಿ ಸೇರಿ ನಿರ್ಣಯಿಸಿತು: ತಾರತಮ್ಯ ನಿವಾರಣೆಯ ದೃಷ್ಟಿಯಿಂದ ಸಕಲ ಮಕ್ಕಳ ಭಾವಚಿತ್ರಗಳನ್ನೂ ಅಂಟಿಸತಕ್ಕದ್ದು, ಸಕಲರಿಗೂ ಕೆಂಪು ಚೀಲ ಒದಗಿಸತಕ್ಕದ್ದು, 'ಒಗ್ಗದ ವಸ್ತು' ಎಂಬ ಅಂಕಣವನ್ನು ಯಾರೂ ಖಾಲಿ ಬಿಡತಕ್ಕದ್ದಲ್ಲ. ಹ್ಯಾಮಿಷ್‌ಗೆ ನಾನು 'ಹೂಕೋಸು. ಲಕ್ಷಣ: ಕಿರುಚಾಟ' ಎಂದು ಬರೆದೆ. ಇನ್ನೊಬ್ಬರು 'ಸ್ನಾನ' ಎಂದು ಬರೆದರು. ಮದ್ದಿಲ್ಲದವರ ಚೀಲ ಬರಿದಾಗಿ ಕಾಣಬಾರದೆಂದು ಒಂದೊಂದು ಹಲ್ಲುಜ್ಜುವ ಬ್ರಷ್ ಹಾಕಿದೆವು.

ಟೀಚರ್ ನೋಲೀನ್ ಮಾತ್ರ ತಕರಾರು ತೆಗೆದರು.

"ಅಲ್ಲಾ ಕ್ಲೈವ್, ಏನಾದ್ರೂ ಆದ್ರೆ ಯಾವ ಚೀಲ ಅಂತ ಹುಡುಕ್ಲಿ?"

"ಅಕಾರಾದಿಯಾಗಿ ತೂಗುಹಾಕಿದೀನಲ್ಲ."

"ಮಕ್ಕಳು ದಿನಾ ಆ ಚೀಲ ತಗೊಂಡು ಆಡ್ತವೆ ಮಾರಾಯಾ."

ಆಕ್ಷೇಪಣೆಯನ್ನು ನಡವಳಿಕೆ ಪುಸ್ತಕದಲ್ಲಿ ದಾಖಲಿಸಿಕೊಳ್ಳಲಾಯಿತು.

ಜೂನ್ ತಿಂಗಳ ಚಳಿಯಲ್ಲಿ ಹ್ಯಾಮಿಷ್‌ನ ಹುಟ್ಟುಹಬ್ಬ ಬಂತು. ಕೇಕ್ ನಾನೇ ತಂದೆ, 'ಮೊಟ್ಟೆರಹಿತ' ಎಂಬ ಪ್ರಮಾಣಪತ್ರಕ್ಕೆ ನಾನೇ ಸಹಿ ಹಾಕಿದೆ. ನಮೂನೆಯಲ್ಲಿ ಕೇಕಿನ ಬಗ್ಗೆ ಏಳು ಪ್ರಶ್ನೆಗಳಿದ್ದವು, ಮೇಲೆ ಬಳಿದ ಬಿಳಿ ಸಕ್ಕರೆ ಲೇಪದ ಬಗ್ಗೆ ಒಂದೂ ಇರಲಿಲ್ಲ. ಅದರಲ್ಲಿ ಮೊಟ್ಟೆಯ ಬಿಳಿ ಇತ್ತು.

ಮೊಟ್ಟೆ ಒಗ್ಗದ ಟೆಸ್‌ಳ ತುಟಿ ಊದಿತು, ಉಸಿರು ಸುಯ್‌ಗುಟ್ಟತೊಡಗಿತು. ನೋಲೀನ್ ಒಂದು ಚೀಲ ತೆರೆದರು: ಬ್ರಷ್. ಇನ್ನೊಂದು: ಬ್ರಷ್. ನಾನು ತೆರೆದದ್ದರಲ್ಲೂ ಬ್ರಷ್. ಅಷ್ಟು ಹೆದರಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ನಾಲ್ಕು ವರ್ಷದ ಟೆಸ್ ಗೊಗ್ಗರು ದನಿಯಲ್ಲಿ, "ಹಿಡಿ ಕಚ್ಚಿರೋದು ನಂದು, ನೋಲೀನ್," ಎಂದಳು.

ಹಲ್ಲಿನ ಗುರುತಿದ್ದ ಚೀಲ ಸಿಕ್ಕಿತು. ನೋಲೀನ್ ಅವಳ ತೊಡೆಗೆ ಸೂಜಿ ಚುಚ್ಚಿದರು, ಆಂಬುಲೆನ್ಸ್ ಬಂತು, ಮಗು ಉಳಿಯಿತು.

ಮರುದಿನ ಅವಳ ತಾಯಿ ಮೊಯ್ರಾ ಬಂದರು. "ನಿನ್ ಮೇಲೆ ಕೂಗಾಡಲ್ಲ ಕ್ಲೈವ್. ಆ ಇಪ್ಪತ್ತು ಫೋಟೊ, ಇಪ್ಪತ್ತು ಚೀಲ ತೆಗೆಸಿಬಿಡು, ಅಷ್ಟೇ ಸಾಕು."

ನಾಚಿಕೆಯಿಂದ ನನ್ನ ತಲೆ ಮೇಲೇಳಲಿಲ್ಲ. ಆದರೆ ನಿರ್ಣಯವೊಂದನ್ನು ರದ್ದುಪಡಿಸಲು ಇಪ್ಪತ್ತೊಂದು ದಿನಗಳ ನೋಟಿಸು ಬೇಕು ಎಂಬುದನ್ನು ತಲೆ ತಗ್ಗಿಸಿಕೊಂಡೇ ತಿಳಿಸಿದೆ.

ಸೋಮವಾರ ಟೆಸ್ ಹಳದಿ ಅಂಗಿ ತೊಟ್ಟು ಬಂದಳು. ಬೆನ್ನ ಮೇಲೆ ಮೊಯ್ರಾ ದಪ್ಪಕ್ಷರದಲ್ಲಿ 'ನನಗೆ ಮೊಟ್ಟೆ ಕೊಡಬೇಡಿ' ಎಂದು ಹೊಲಿದಿದ್ದರು. ಇಡೀ ಅಂಗಳದಲ್ಲಿ ಅವಳೊಬ್ಬಳು ಎಲ್ಲಿಂದ ನೋಡಿದರೂ ಕಾಣುತ್ತಿದ್ದಳು. ನೋಲೀನ್ ಬಹಳ ದಿನಗಳ ನಂತರ ಕೂತು ಚಹಾ ಕುಡಿದರು.

ಸಂಜೆ ಹ್ಯಾಮಿಷ್ ಕೇಳಿದ: "ಅಪ್ಪಾ, ನಂಗ್ಯಾಕಿಲ್ಲ ಹಳದಿ ಅಂಗಿ?"

ಹೊಸ ನಿರ್ಣಯಕ್ಕೆ ನೋಟಿಸು ಬೇಕಿಲ್ಲ. ಇಪ್ಪತ್ತೊಂದು ಹಳದಿ ಅಂಗಿಗಳು ಶುಕ್ರವಾರ ಬರಲಿವೆ. ಮೊಯ್ರಾ ಈ ಸಲ ತಕರಾರು ಮಾಡಲಿಲ್ಲ. ಅಂಗಿಯ ತೋಳನ್ನೂ ಕಚ್ಚಿಡಲು ಮಗಳಿಗೆ ಹೇಳಿಕೊಟ್ಟಿದ್ದಾರೆ.