ನಮ್ಮ ಶೋಕೇಸಿನ ಕಪ್ಪು-ಬಸಿಗಳನ್ನು ಮೈಗೆ ಹಚ್ಚಿಕೊಂಡ ಕಲಾಕೃತಿಗೆ

ವಿಶಾಖಪಟ್ಟಣದ ಕಡಲತೀರದ ದೊಡ್ಡ ಹೋಟೆಲಿನ ಲಾಬಿಯಲ್ಲಿ, ಎಸಿಯ ತಂಪಿನಲ್ಲಿ, ತಮ್ಮದೇ ಒಂದು ದೀಪದ ಕೆಳಗೆ ವಿರಾಜಮಾನರಾಗಿರುವ ‘ದಿನನಿತ್ಯದ ಐಷಾರಾಮ’ ಎಂಬ ಕಲಾಕೃತಿಯವರ ಸನ್ನಿಧಿಗೆ, ವಿಜಯವಾಡಕ್ಕೆ ವರ್ಗವಾಗಿ ಬಂದಿರುವ ದಾವಣಗೆರೆಯ ಬ್ಯಾಂಕ್ ಅಧಿಕಾರಿ ಬಾಲಚಂದ್ರನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ತಮ್ಮ ಮೈಮೇಲಿರುವ ನಮ್ಮ ಕಪ್ಪು-ಬಸಿಗಳ ಕ್ಷೇಮ ಮಾತ್ರ ಕೇಳುವಂತಿಲ್ಲ. ಬಂಗಾರದ ಅಂಚಿನ ಆ ಕಾಫಿ ಸೆಟ್ಟು ನನ್ನ ಹೆಂಡತಿ ವಿಜಯಲಕ್ಷ್ಮಿಗೆ ಮದುವೆಯಲ್ಲಿ ಅವಳ ಅಣ್ಣ ಕೊಟ್ಟದ್ದು. ಪ್ರತಿ ಟ್ರಾನ್ಸ್‌ಫರಿನಲ್ಲೂ ಅದನ್ನು ಸೀರೆಗಳಲ್ಲಿ ಸುತ್ತಿ, ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ತಂದು, ಶೋಕೇಸಿಗೆ ಸೇರಿಸಿ ಬೀಗ ಹಾಕುತ್ತಿದ್ದಳು. ಯಾರಾದರೂ ದೊಡ್ಡ ಮನುಷ್ಯರು ಮನೆಗೆ ಬಂದಾಗ ತೆಗೆಯುವುದೆಂದು ಮಾತಾಗಿತ್ತು. ನನ್ನ ಜೋನಲ್ ಮ್ಯಾನೇಜರು ಬಂದರು; ಅವರೂ ಅಷ್ಟೊಂದು ದೊಡ್ಡವರಲ್ಲವೆಂದು ಒಳಗೆ ಅಡುಗೆಮನೆಯಲ್ಲಿ ತೀರ್ಮಾನವಾಯಿತು. ನಾವಿಬ್ಬರಂತೂ ಲೆಕ್ಕಕ್ಕೇ ಇರಲಿಲ್ಲ.

ಹೀಗಿರಲು ಮೇಲಿನ ಮನೆಯ ಕಲಾವಿದೆ ಹಿಮಬಿಂದು ಅವರು ಬಂದು, ಚಿತ್ರಕ್ಕೆ ಬೇಕೆಂದು ಸೆಟ್ಟನ್ನು ಕೇಳಿದರು. ಮಿಕ್ಸೆಡ್ ಮೀಡಿಯಾ ಅಂದರೇನೆಂದು ಅವರು ತೆಲುಗಿನಲ್ಲಿ ವಿವರಿಸಿದ್ದಕ್ಕೆಲ್ಲ ನಾವು ಗೌರವದಿಂದ ತಲೆಯಾಡಿಸಿದೆವು. ಎದುರಿಗಿಟ್ಟುಕೊಂಡು ಚಿತ್ರ ಬರೆದು ವಾಪಸು ಕೊಡುತ್ತಾರೆಂದೇ ನಮ್ಮ ತಿಳಿವಳಿಕೆ. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ನಮ್ಮ ಕಡೆ ಪದ್ಧತಿಯಲ್ಲವಾದ್ದರಿಂದ, ಕಪ್ಪಿಗೊಂದಿಷ್ಟು ಅನಕಾಪಲ್ಲಿ ಬೆಲ್ಲದ ಪಾಯಸವಾದರೂ ಬಂದೀತೆಂದು ನಾನು ಆಸೆಯಿಂದಲೇ ಇದ್ದೆ.

ಬಂದದ್ದು ತಮ್ಮ ಅನಾವರಣದ ಆಮಂತ್ರಣ. ರೇಷ್ಮೆ ಸೀರೆಯುಟ್ಟು ರೈಲು ಹತ್ತಿದ ವಿಜಯಲಕ್ಷ್ಮಿ ತಮ್ಮೆದುರು ಬಂದು ನಿಂತಾಗ, ಸುತ್ತಿಗೆಯಲ್ಲಿ ಒಡೆದ ಚೂರುಗಳು ಬಣ್ಣ ಮೆತ್ತಿಕೊಂಡು ತಮ್ಮ ಎದೆಯ ಮೇಲೆ ಮಿಂಚುತ್ತಿದ್ದವು. ಮಧ್ಯಮ ವರ್ಗದ ಮುಗಿಯದ ಕಾಯುವಿಕೆ ಎಂದು, ಕೈಯಲ್ಲಿ ಗ್ಲಾಸು ಹಿಡಿದ ಗಣ್ಯರು ತಮ್ಮನ್ನು ಕೊಂಡಾಡುತ್ತಿದ್ದರು. ಆಹಾ, ಎಂಥ ಒಳನೋಟ! ನಮ್ಮನ್ನು ಇಷ್ಟು ಆಳವಾಗಿ ಅರ್ಥ ಮಾಡಿಕೊಂಡ ಮಹನೀಯರಲ್ಲಿ ಒಬ್ಬರಿಗೂ ನಮಗೊಂದು ಕುರ್ಚಿ ತೋರಿಸಬೇಕೆನಿಸಲಿಲ್ಲ. ವಿಜಯಲಕ್ಷ್ಮಿ ಜಗಳ ತೆಗೆಯಲಿಲ್ಲ. ವಾಪಸು ಬರುವ ರೈಲು ದುವ್ವಾಡ ಸ್ಟೇಷನ್ ದಾಟಿದ ಮೇಲೆ, “ಒಂದ್ಸಲನಾದ್ರೂ ನಾವು ಅದ್ರಾಗೆ ಕಾಫಿ ಕುಡೀಬೇಕಿತ್ತು ನೋಡ್ರಿ” ಎಂದಳು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಒಂದು ಸಂಜೆ ಗೋಡೆಯಿಂದಿಳಿದು, ಚೂರುಗಳನ್ನು ಮೈಯಿಂದ ಬಿಡಿಸಿ, ಎರಡೇ ಎರಡು ಕಪ್ಪುಗಳಾಗಿ ಕೂಡಿಕೊಂಡು ನಮ್ಮ ಮನೆಗೆ ದಯಮಾಡಿಸಬೇಕೆಂದು ವಿನಂತಿ. ಕಾಫಿ ಮುಗಿದ ಕೂಡಲೇ ಮತ್ತೆ ಒಡೆದುಕೊಂಡು ಕಲೆಯಾಗಲು ನಮ್ಮ ಅಭ್ಯಂತರವೇನೂ ಇಲ್ಲ.

ಕಾಯುವುದರಲ್ಲಿ ಚೆನ್ನಾಗಿ ಪಳಗಿರುವ
ತಮ್ಮ ವಿಶ್ವಾಸಿ,
ಬಾಲಚಂದ್ರ

ತಾ.ಕ.: ಹಿಮಬಿಂದು ಅವರು ಮುಂದಿನ ಚಿತ್ರಕ್ಕೆಂದು ಶೋಕೇಸಿನಲ್ಲಿ ಉಳಿದಿದ್ದ ನಮ್ಮ ಡಿನ್ನರ್ ಸೆಟ್ಟು ಕೇಳಲು ನಿನ್ನೆ ಬಂದಿದ್ದರು. ಆಗ ನಾವಿಬ್ಬರೂ ಅದರಲ್ಲೇ ಖಾರ ಮಂಡಕ್ಕಿ ತಿನ್ನುತ್ತಿದ್ದೆವು. ಅವರನ್ನು ವಿಜಯಲಕ್ಷ್ಮಿ ಬಹಳ ಆದರದಿಂದ ಕೂರಿಸಿ, ಸ್ಟೀಲ್ ತಟ್ಟೆಯಲ್ಲಿ ಹಾಕಿಕೊಟ್ಟಳು.