ಕಡಲಸಿಂಹದ ಮೊದಲ ಹೆಸರು

ಇದೊಂದನ್ನು ಪೂರ್ತಿ ಕೇಳಿಬಿಡಿ, ನಡುವೆ ಎದ್ದು ಹೋಗಬೇಡಿ. ಅಕ್ಕೋಳದ ಸಂಗ್ರಾಮ ಹುಟ್ಟಿದಾಗಿನಿಂದ ಕಡಲು ಕಂಡವನಲ್ಲ, ಸಿಂಹ ಕಂಡವನೂ ಅಲ್ಲ. ಆದರೂ ಒಂದು ಕಡಲಸಿಂಹ ಅವನ ಹೆಸರನ್ನೇ ನುಂಗಿ ನೀರು ಕುಡಿಯಿತು.

ಊರ ವಾಚನಾಲಯದಲ್ಲಿ ವರ್ಷಕ್ಕೊಮ್ಮೆ ಕ್ವಿಜ್. ಗೆದ್ದವರ ಹೆಸರನ್ನು ಬಾಗಿಲ ಮೇಲಿನ ಕರಿ ಹಲಗೆಯಲ್ಲಿ ಬಂಗಾರದ ಬಣ್ಣದಿಂದ ಬರೆಸುತ್ತಾರೆ. ಸಂಗ್ರಾಮ ಮೂರು ವರ್ಷದಿಂದ ಎರಡನೇ ಸ್ಥಾನ. ಎರಡನೇ ಸ್ಥಾನಕ್ಕೆ ಹಲಗೆ ಇಲ್ಲ, ಒಂದು ಪೆನ್ನು ಮಾತ್ರ. ಮೂರು ಪೆನ್ನುಗಳಲ್ಲಿ ಒಂದೂ ಬರೆಯುತ್ತಿರಲಿಲ್ಲ. ಈ ಸಲ ಹೆಸರು ಹಲಗೆ ಏರಲೇಬೇಕೆಂದು ಹಟ ಹಿಡಿದು, ಅಜ್ಜಿ ಸೀತವ್ವನನ್ನೂ ಕರೆತಂದು ಹೆಂಗಸರ ಸಾಲಿನಲ್ಲಿ ಕೂರಿಸಿದ್ದ. ಪೇಂಟರ್ ಜಾಫರಸಾಬ ಬೆಳಿಗ್ಗೆಯೇ ಏಣಿ ಹಾಕಿ ಕಾಯುತ್ತಿದ್ದ.

ಕೊನೆಗೆ ಉಳಿದವರು ಇಬ್ಬರೇ: ಸಂಗ್ರಾಮ ಮತ್ತು ಬಿ.ಎಡ್. ಓದುವ ಸೌಂದರ್ಯಾ. ಅಂಕ ಸಮಸಮ. ನಿವೃತ್ತ ಹೆಡ್‌ಮಾಸ್ತರ್ ಬಾಳಾಸಾಬರು ಕೊನೆಯ ಚೀಟಿ ಓದಿದರು: "ದಕ್ಷಿಣ ಅಮೆರಿಕಾದ ಕಡಲಸಿಂಹದ ವೈಜ್ಞಾನಿಕ ಹೆಸರು?"

ಇಬ್ಬರೂ ಸ್ಲೇಟುಪಾಟಿಯ ಮೇಲೆ ಉತ್ತರ ಬರೆದು ಎತ್ತಿದರು. ಸೌಂದರ್ಯಾಳ ಪಾಟಿಯಲ್ಲಿ 'ಒಟೇರಿಯಾ ಬೈರೋನಿಯಾ'. ಸಂಗ್ರಾಮನದರಲ್ಲಿ 'ಒಟೇರಿಯಾ ಫ್ಲಾವೆಸೆನ್ಸ್'.

"ಬೈರೋನಿಯಾ ಬರೋಬರಿ!" ಎಂದರು ಬಾಳಾಸಾಬರು.

ಚಡ್ಡಿಯೊಳಗೆ ಕೆಂಜಿಗ ಹೊಕ್ಕವನಂತೆ ಸಂಗ್ರಾಮ ಜಿಗಿದ. "ತಪ್ಪರಿ ಸರ್! ಫ್ಲಾವೆಸೆನ್ಸ್!"

"ಅದ್ಯಾವ ಲೈಸೆನ್ಸ್ ಲೇ? ಆರ್‌ಟಿಓದಾಗ ಕೊಡ್ತಾರೇನು?" ಎಂದ ಮುಂದಿನ ಸಾಲಿನ ತಂಬಾಕು ವ್ಯಾಪಾರಿ ಉತ್ತಮ.

ಎಲ್ಲರ ಫೋನುಗಳು ಹೊರಬಂದವು. ಒಂದು ಫೋನು ಬೈರೋನಿಯಾ ಅಂದಿತು, ಪಕ್ಕದ್ದು ಫ್ಲಾವೆಸೆನ್ಸ್ ಅಂದಿತು. ಸಭೆ ಪಂಚಾಯ್ತಿ ಚುನಾವಣೆಯಂತೆ ಎರಡು ಪಾರ್ಟಿಯಾಯಿತು.

"ಅದರ ಆಧಾರ್ ಲಿಂಕ್ ಆಗಿಲ್ಲ, ಅದಕ್ಕ ಎರಡ ಹೆಸರು!" ಉತ್ತಮ ಮತ್ತೆ ಕೂಗಿದ.

ಸಂಗ್ರಾಮ ಮೈಕು ಕಿತ್ತುಕೊಂಡ. "ಕೇಳ್ರಿ! ಸಾವಿರದ ಎಂಟುನೂರನೇ ಇಸವಿಯಾಗ ಶಾ ಅನ್ನಾಂವ ಒಂದು ಹಳದಿ ಮರಿ ನೋಡಿ ಫ್ಲಾವೆಸೆನ್ಸ್ ಅಂತ ಹೆಸರಿಟ್ಟ. ಹಳದಿಗಟ್ಟಿದ್ದು ಅಂತ ಅರ್ಥ. ಇಪ್ಪತ್ತ ವರ್ಷ ಆದಮ್ಯಾಲ ಬ್ಲೇನ್‌ವಿಲ್ ಅನ್ನಾಂವ ಒಂದು ಬುರುಡಿ ನೋಡಿ, ಬೈರನ್ ಅನ್ನೋ ಹಡಗಿನ ಸಾಹೇಬನ ಹೆಸರಲೆ ಬೈರೋನಿಯಾ ಅಂದ."

"ಆ ಮರಿ ಈ ಜಾತೀದ ಅಂತ ಗ್ಯಾರಂಟಿ ಏನಪಾ?" ಬಾಳಾಸಾಬರು ಬಿಡಲಿಲ್ಲ. "ದೊಡ್ಡದಾದ ಮ್ಯಾಲ ಅದು ಕಂದು ಆಗತೈತಿ. ಪಂಡಿತರು ಇನ್ನೂ ಬಡದಾಡಾಕತ್ತಾರ."

"ಬಡದಾಡ್ಲಿ ಬಿಡ್ರಿ! ನಿಯಮ ಒಂದ ಐತಿ. ಎರಡ ಹೆಸರು ಬಿದ್ರ ಮೊದಲ ಇಟ್ಟದ್ದ ಖರೆ. ಚಂದ ಇರ್ಲಿ, ಇರದಿರ್ಲಿ, ದೊಡ್ಡದಾದ ಮ್ಯಾಲ ಒಪ್ಪಲಿ, ಬಿಡಲಿ. ನಡುವ ಬಂದಾವ್ರು ಇಟ್ಟ ಹೆಸರಿಗೆ ಕಿಮ್ಮತ್ತಿಲ್ಲ!" ಎಂದು ಸಂಗ್ರಾಮ ಟೇಬಲ್ಲಿಗೆ ಗುದ್ದಿದ. ನೀರಿನ ಲೋಟ ಉರುಳಿ ಬಾಳಾಸಾಬರ ಚೀಟಿಯಲ್ಲಿದ್ದ ಬೈರೋನಿಯಾ ನೀರುಪಾಲಾಯಿತು.

ಸಭೆ ಸಿಳ್ಳೆ ಹೊಡೆಯಿತು. ಬಾಳಾಸಾಬರು ಒದ್ದೆ ಚೀಟಿ ಹಿಂಡುತ್ತ ಕೇಳಿದರು, "ಈ ಮಾತಿಗೆ ನೀ ಗಟ್ಟಿ ಏನು?"

"ಗಟ್ಟಿ ಸರ್! ಬೇಕಾದ್ರ ಠರಾವ್ ಬರಕೋರಿ!"

ಬರೆದುಕೊಂಡರು: 'ಮೊದಲು ಇಟ್ಟ ಹೆಸರೇ ಖರೆ.' ಸಂಗ್ರಾಮ ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದ. ಫ್ಲಾವೆಸೆನ್ಸ್‌ಗೆ ಅಂಕ ಬಿತ್ತು, ಸಂಗ್ರಾಮ ಗೆದ್ದ. ಹುಡುಗರು ಅವನನ್ನು ಹೆಗಲಿಗೇರಿಸಿಕೊಂಡು ಹಲಗೆಯ ತನಕ ಮೆರೆಸಿದರು. ಮೂರು ವರ್ಷದ ಪೆನ್ನುಗಳ ಸೇಡು ತೀರಿತ್ತು.

"ಹೆಸರು ಏನಂತ ಬರೀಲಿ?" ಏಣಿಯ ಮೇಲಿಂದ ಜಾಫರಸಾಬ ಕೇಳಿದ.

ಸಂಗ್ರಾಮ ಬಾಯಿ ತೆರೆಯುವಷ್ಟರಲ್ಲಿ ಸೀತವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಎದ್ದು ನಿಂತಳು. "ಏ ಜಾಫರಾ, ನಮ್ಮ ದಗಡೂನ ಹೆಸರು ದೊಡ್ಡದಾಗಿ ಬರಿಯಪಾ!"

"ಯಾರವ್ವ ದಗಡೂ?"

"ಇವನ ಅಲ್ಲೇನು! ಇವನ ಮುಂಚಿನ ಎರಡ ಕೂಸು ಉಳೀಲಿಲ್ಲ. ಅದಕ್ಕ ಇವಂಗ ತೊಟ್ಟಲದಾಗ ದಗಡೂ ಅಂತ ಹೆಸರಿಟ್ವಿ. ದಗಡೂ ಅಂದ್ರ ಕಲ್ಲು. ಕಲ್ಲಿಗೆ ಯಾರ ಕಣ್ಣ ತಾಗತೈತಿ? ಸಾಲಿಗೆ ಹಾಕೂಮುಂದ ಹೆಡ್‌ಮಾಸ್ತರು ಸಂಗ್ರಾಮ ಅಂತ ಬರಕೊಂಡ್ರು."

ಮನೆಯ ಹೊರಗೆ ಆ ಹೆಸರು ಎತ್ತಬೇಡ ಅಂತ ಸಂಗ್ರಾಮ ಹತ್ತು ವರ್ಷದಿಂದ ಅಜ್ಜಿಗೆ ಕೈಮುಗಿಯುತ್ತ ಬಂದಿದ್ದ. ಸಂತೋಷದಲ್ಲಿ ಅವಳಿಗೆ ಮರೆತೇ ಹೋಗಿತ್ತು.

ಬಾಳಾಸಾಬರು ನಿಧಾನವಾಗಿ ಕನ್ನಡಕ ಒರೆಸಿಕೊಂಡರು. "ಆ ಹೆಡ್‌ಮಾಸ್ತರ ನಾನ. ನಡುವ ಬಂದಾಂವ. ನಾ ಇಟ್ಟ ಹೆಸರಿಗೆ ಕಿಮ್ಮತ್ತಿಲ್ಲಂತ ಈಗರ ಠರಾವ್ ಆಗೈತಿ. ಬರೀ ಜಾಫರಸಾಬ, ದಗಡೂ!"

"ಸರ್, ಆ ನಿಯಮ ಪ್ರಾಣಿಗಳಿಗೆ ಅಷ್ಟರಿ!"

"ಮತ್ತ ನೀ ಏನು ಗಿಡ ಏನಪಾ?" ಎಂದ ಉತ್ತಮ.

ವಾಚನಾಲಯದ ಹೆಂಚು ಹಾರುವಂತೆ ಜನ ನಕ್ಕರು. ಜಾಫರಸಾಬ 'ದ' ಬರೆದ, 'ಗ' ಬರೆದ, 'ಡೂ'ಗೆ ದೀರ್ಘ ಎಳೆದ. ಅಕ್ಷರಗಳು ಥಳಥಳ ಹೊಳೆದವು. ಸೀತವ್ವ ಸಕ್ಕರೆ ಹಂಚುತ್ತಿದ್ದಳು.

ಸೌಂದರ್ಯಾ ಬಂದು ಕೈಮುಗಿದಳು. "ಅಭಿನಂದನೆ ರೀ, ದಗಡೂ ಅವ್ರ. ಬಣ್ಣ ಇನ್ನೂ ಹಸೀ ಐತಿ. ನಿಮ್ಮ ನಿಯಮ ತಪ್ಪಂತ ಒಂದ ಮಾತ ಹೇಳ್ರಿ, ಅಳಿಸೇಬಿಡಾಣು. ಆದ್ರ ಆಗ ಬೈರೋನಿಯಾ ಖರೆ ಆಗತೈತಿ, ಅಲ್ಲಿ ನನ್ನ ಹೆಸರ ಬರತೈತಿ."

ಜಾಫರಸಾಬ ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಸೀಮೆಎಣ್ಣೆಯ ಬಟ್ಟೆ ಹಿಡಿದು ಏಣಿಯ ಮೇಲೆಯೇ ಕಾಯುತ್ತಿದ್ದ. ಗೆದ್ದ ಸಂಗ್ರಾಮ ಹಲಗೆ ನೋಡಿದ, ಬಟ್ಟೆ ನೋಡಿದ, ಮತ್ತೆ ಹಲಗೆ ನೋಡಿದ. ಬಣ್ಣ ಒಣಗುತ್ತಿತ್ತು.

ಅವನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?