ಎತ್ತು ಕಟ್ಟಿದ ಫುಡ್ ಟ್ರಕ್

ನನ್ನ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ನಾನಂತೂ ಹೇಳುವುದಿಲ್ಲ. ಊರೇ ಹೇಳುತ್ತಿರುವಾಗ ನಾನೊಬ್ಬ ಯಾಕೆ ಬಾಯಿ ನೋಯಿಸಿಕೊಳ್ಳಲಿ? ಎಂಜಿನ್ ಸತ್ತ ವ್ಯಾನೊಂದನ್ನು ತಂದು, ಪಕ್ಕದಲ್ಲಿ ಕಿಟಕಿ ಕೊಯ್ದು, ಹೆರಿಗೆ ಆಸ್ಪತ್ರೆಯ ಗೇಟಿನೆದುರು ನಿಲ್ಲಿಸಿ ಮಂಡಕ್ಕಿ-ಮಿರ್ಚಿ ಮಾರಲು ಕೂತ ಮಹಾನುಭಾವರು ಅವರು. ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದರೆ ಇಷ್ಟೊತ್ತಿಗೆ ಮಹಡಿ ಮನೆ ಕಟ್ಟುತ್ತಿದ್ದರು! ಆದರೆ ಒಳಗೆ ಮಗು ಹುಟ್ಟಿದರೆ ಅಪ್ಪನಾದವನು ಓಡಿಬಂದು ಮೊದಲು ಹೇಳುವುದು ಇವರಿಗೆ. ಅವನಿಗೆ ಒಂದು ಪ್ಲೇಟ್ ಬಿಟ್ಟಿ. ಮಾವನಿಗೂ ಅತ್ತೆಗೂ ಮಕ್ಕಳಿಲ್ಲ.

“ಮಗು ಅತ್ರೆ ಇಲ್ಲೀ ತನಕ ಕೇಳ್ತೈತೆ ಕಣೋ. ಈ ಜಾಗ ಬಿಟ್ಟು ಎಲ್ಲಿಗೂ ಬರಲ್ಲ” ಎನ್ನುತ್ತಿದ್ದರು.

ಹೀಗಿರುವಾಗ ನಮ್ಮೂರು ದಿಢೀರನೆ ಮಹಾನಗರವಾಯಿತು. ಅಕ್ಕಪಕ್ಕದ ಚನ್ನಗಿರಿ, ಹೊನ್ನಾಳಿಯವರು ಹೊಟ್ಟೆ ಉರಿದುಕೊಳ್ಳಲಿ ಎಂದೋ ಏನೋ, ಫುಡ್ ಟ್ರಕ್‌ಗಳಿಗೆಂದೇ ಪುರಸಭೆಯವರು ಒಂದು ವಲಯ ಮಾಡಿದರು. ಆಸ್ಪತ್ರೆ, ಶಾಲೆಗಳ ಮುಂದೆ ಇನ್ನು ಫುಡ್ ಟ್ರಕ್ ನಿಲ್ಲಿಸುವಂತಿಲ್ಲ. ವಲಯ ಎಲ್ಲಿ? ಸ್ಮಶಾನ ದಾಟಿದ ಮೇಲೆ! ಆ ಕಡೆ ಹೋದವರಲ್ಲಿ ತಿಂಡಿ ಕೇಳುವವರು ಸ್ವಲ್ಪ ಕಡಿಮೆ. ಬಿಳಿ ಗೆರೆ ಎಳೆದರು, ಬಣ್ಣದ ದೀಪ ನೆಟ್ಟರು, ಸೆಲ್ಫಿಗೊಂದು ಕಮಾನು ಕಟ್ಟಿದರು. ಉದ್ಘಾಟನೆಯ ದಿನ ಗಣ್ಯರ ತಿಂಡಿ ಮಾತ್ರ ಹೋಟೆಲಿನಿಂದ ಬಂತು.

ಮಾವ ಸುಮ್ಮನಿರುವ ಪೈಕಿಯೇ? ಅತ್ತೆಯ ತವರು ಉಬ್ರಾಣಿಯಿಂದ ಒಂದು ಜೊತೆ ಎತ್ತು ತರಿಸಿ ವ್ಯಾನಿಗೆ ಕಟ್ಟಿದರು. ಗೇಟಿನ ಮುಂದೆ ಅತ್ತಿಂದಿತ್ತ, ಇತ್ತಿಂದತ್ತ ಸವಾರಿ ಶುರು. ಅತ್ತೆ ಮಿರ್ಚಿಯನ್ನು ಮನೆಯಲ್ಲೇ ಕರಿದು ಕೊಡುತ್ತಿದ್ದರು. ಗಿರಾಕಿಗಳು ಪ್ಲೇಟ್ ಹಿಡಿದು ವ್ಯಾನಿನ ಪಕ್ಕದಲ್ಲೇ ಹೆಜ್ಜೆ ಹಾಕಬೇಕು. ಸಕ್ಕರೆ ಕಾಯಿಲೆಯವರಿಗಂತೂ ಹಬ್ಬ. ವಾಕಿಂಗ್ ಲೆಕ್ಕಕ್ಕೆ ಮಿರ್ಚಿಯೂ ಸೇರಿತು.

ವಲಯದ ಅಧಿಕಾರಿ ಜೀಪಿನಿಂದ ಇಳಿದರು. “ಏನ್ರೀ, ಇಲ್ಲಿ ನಿಲ್ಲಿಸಬಾರದು ಅಂತ ಗೊತ್ತಿಲ್ವಾ?”

“ಎಲ್ಲಿ ನಿಲ್ಲಿಸೀನಿ ಸಾರ್? ನಡೀತಾ ಐತಲ್ಲ!”

“ಎತ್ತು ಎಳೆಯೋದು ಫುಡ್ ಟ್ರಕ್ ಹೆಂಗ್ರೀ ಆಗುತ್ತೆ?”

“ಆಗಲ್ವಾ? ಹಂಗಾದ್ರೆ ಫುಡ್ ಟ್ರಕ್ ನಿಯಮಾನೂ ನನ್ ಗಾಡಿಗೆ ತಾಗಲ್ಲ ಬಿಡ್ರಿ!”

ಅಧಿಕಾರಿ ನಿಯಮವನ್ನು ಇನ್ನೊಮ್ಮೆ ಓದಲು ಕಚೇರಿಗೆ ಹೋದರು. ಬಹುಶಃ ಈಗಲೂ ಓದುತ್ತಿದ್ದಾರೆ.

ಮಾವನನ್ನು ಸೋಲಿಸಿದ್ದು ಅವರಲ್ಲ, ಎತ್ತುಗಳು. ಒಂದು ದಿನ ಬಸುರಿಯನ್ನು ಹೊತ್ತ ಆಂಬುಲೆನ್ಸ್ ಬಂದರೆ ಇವು ಗೇಟಿಗೆ ಅಡ್ಡ ನಿಂತು ಮೆಲುಕು ಹಾಕತೊಡಗಿದವು. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸೈರನ್ ಕೂಗುತ್ತಿತ್ತು. ಮಾವ, ನಾನು, ಗಿರಾಕಿಗಳೆಲ್ಲ ಸೇರಿ ನೂಕಿ ದಾರಿ ಬಿಡಿಸಿದೆವು. ತಾಯಿ, ಮಗು ಚೆನ್ನಾಗಿಯೇ ಉಳಿದರು. ಆದರೆ ಮರುದಿನ ಯಾರೂ ಹೇಳದೆ ಮಾವ ವ್ಯಾನನ್ನು ವಲಯಕ್ಕೆ ಹೊಡೆದುಕೊಂಡು ಹೋದರು.

ಅಲ್ಲಿ ಬಿಳಿ ಗೆರೆಯೊಳಗೆ ಒಂದು ವ್ಯಾನು, ಸುತ್ತ ನಾಲ್ಕಾರು ನಾಯಿ. “ಏನ್ ಮಾವ, ಭಾರೀ ರಶ್ಶು!” ಎಂದು ರೇಗಿಸಿದೆ. ಬಾರದ ಗಿರಾಕಿಗಳಿಗಾಗಿ ಮಾವ ಈರುಳ್ಳಿ ಹೆಚ್ಚುತ್ತಲೇ ಇದ್ದರು. ನನ್ನ ನಗು ನನಗೇ ಚೆನ್ನಾಗಿ ಕಾಣಲಿಲ್ಲ.

ಅಷ್ಟರಲ್ಲಿ ಒಂದು ಬೈಕು ಧೂಳೆಬ್ಬಿಸಿಕೊಂಡು ಬಂತು. ಕೆರೆಬಿಳಚಿ ಕಡೆಯ ಹುಡುಗ, ಮೈಯೆಲ್ಲ ಬೆವರು. “ಯಜಮಾನ್ರೆ, ಹೆಣ್ಣು ಮಗು! ಗೇಟಿಗೆ ಬಂದ್ರೆ ನೀವೇ ಇಲ್ಲ. ಊರೆಲ್ಲ ಹುಡುಕಿದೆ. ನಮ್ಮವ್ವಗೂ ಇನ್ನೂ ಹೇಳಿಲ್ಲ ರೀ.”

ಮಾವ ಒಂದು ಪ್ಲೇಟ್ ತುಂಬ ಮಂಡಕ್ಕಿ ಹಾಕಿದರು. ಮೇಲೆ ಎರಡು ಮಿರ್ಚಿ ಇಟ್ಟರು.

“ಜೋರಾಗಿ ಅಳ್ತೈತೇನಪ್ಪ?”

“ಗೇಟಿನ ತನಕ ಕೇಳಿಸ್ತು ರೀ.”

“ಹಂಗಾದ್ರೆ ನಂಗೂ ಕೇಳಿಸ್ತು ಬಿಡು” ಎಂದರು ಮಾವ.